ಮಾಲ್ದಾರೆ ರಸ್ತೆಯಲ್ಲಿ ಟ್ರಯಲ್

ಎರಡನ್ನೂ ಒಂದೇ ದಿನ ಬಿಚ್ಚಿದೆ,
ಸಿದ್ದಾಪುರದ ಶೆಡ್ಡಿನಲ್ಲಿ, ಹಳೆ ಕಾಫಿ ಗೋಣಿಯ ಮೇಲೆ.
ಬಲಕ್ಕೆ ಸುಬೇದಾರ್ ಪೆಮ್ಮಯ್ಯನವರದು,
ಎಡಕ್ಕೆ ದನದ ಡಾಕ್ಟರ್ ಚೋಂದಮ್ಮನದು.
ಒಂದೇ ಕಂಪೆನಿ, ನಡುವೆ ಆರು ವರ್ಷ.
ಇದರ ಪಿಸ್ಟನ್ ಅದಕ್ಕೆ ಕೂರುತ್ತದೆ, ಅದರದು ಇದಕ್ಕೆ.
ಉಂಗುರಗಳನ್ನು ಬೇರೆ ಬೇರೆ ತಟ್ಟೆಯಲ್ಲಿಟ್ಟು
ಸೀಮೆಸುಣ್ಣದಲ್ಲಿ ಹೆಸರು ಬರೆಯದಿದ್ದರೆ
ನನಗೇ ತಿಳಿಯುತ್ತಿರಲಿಲ್ಲ ಯಾರದ್ದು ಯಾವುದು.

ಬೇರೆಯಾಗುವುದು ಕ್ರ್ಯಾಂಕಿನಲ್ಲಿ.
ಸುಬೇದಾರರದರಲ್ಲಿ ಎರಡು ಪಿಸ್ಟನ್ನೂ
ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಇಳಿಯುತ್ತವೆ,
ಸಿಡಿಯುವುದಕ್ಕೆ ಮಾತ್ರ ಸರದಿ.
ಟಕ್, ಟಕ್, ಟಕ್, ಟಕ್,
ಪರೇಡ್ ಮೈದಾನದ ಬೂಟು.
ಡಾಕ್ಟರದರಲ್ಲಿ ಒಂದರ ಹಿಂದೆ ಇನ್ನೊಂದು
ಮುಕ್ಕಾಲು ಸುತ್ತಿಗೇ ಸಿಡಿದುಬಿಡುತ್ತದೆ.
ಟಕ್‌ಟಕ್… ಟಕ್‌ಟಕ್…
ನನ್ನ ಉಪ್ಪನ ನಡಿಗೆ.
ಲಾರಿಯ ಜಾಕು ಜಾರಿ ಪಾದದ ಮೇಲೆ ಬಿದ್ದಂದಿನಿಂದ
ಅವರು ಬರುವುದು ಹಾಗೇ ಕೇಳುತ್ತಿತ್ತು,
ಎರಡು ಹೆಜ್ಜೆ ಹತ್ತಿರ ಹತ್ತಿರ, ಆಮೇಲೊಂದು ಬಿಡುವು.
ಕುಂಟುವ ಎಂಜಿನ್ನಿಗೇ ಕೆಸರಲ್ಲಿ ಹಿಡಿತ ಜಾಸ್ತಿ.
ಆ ಬಿಡುವಿನಲ್ಲಿ ಟೈರು ಮಣ್ಣನ್ನು ಕಚ್ಚಿಕೊಳ್ಳುತ್ತದೆ.
ಉಪ್ಪ ಯಾವ ಆಟಿಯಲ್ಲೂ ಜಾರಿ ಬಿದ್ದವರಲ್ಲ.

ಇನ್ನು, ಈ ಬಲ ಹಿಂದಿನ ಚಕ್ರ ಮುಟ್ಟುವ ದಾರಿ.
ಸುಬೇದಾರರದು ಶಾಫ್ಟು.
ಕೊಳವೆಯೊಳಗೊಂದು ದಂಡ, ತುದಿಗೆ ಓರೆಹಲ್ಲಿನ ಗೇರು,
ಒಂದು ಲೋಟ ಎಣ್ಣೆಯಲ್ಲಿ ಮುಳುಗಿ
ಯಾರ ಕಣ್ಣಿಗೂ ಬೀಳದೆ ನಡೆಯುವ ಸಂಸಾರ.
ಮಾಕುಟ್ಟದ ತಿರುವಿನಲ್ಲಿ ಥ್ರಾಟಲ್ ತಿರುಗಿಸಿ ನೋಡಿ,
ಹಿಂಭಾಗ ಚೂರು ಮೇಲೇಳುತ್ತದೆ
ಹಿರಿಯರು ಬಂದಾಗ ಕುರ್ಚಿಯಿಂದ ಅರ್ಧ ಎದ್ದ ಹಾಗೆ.
ಬಿಟ್ಟರೆ ಕೂರುತ್ತದೆ.

ಡಾಕ್ಟರದು ಚೈನು. ನೂರಹದಿನೆಂಟು ಕೊಂಡಿ.
ಕೊಂಡಿಗೊಂದರಂತೆ ಹಟ್ಟಿಯ ಗುರುತು:
ನೆಲ್ಯಹುದಿಕೇರಿಯ ಸಗಣಿ, ಚೆನ್ನಯ್ಯನಕೋಟೆಯ ಹುಲ್ಲಿನೆಳೆ,
ಮತ್ತೆ ಎಲ್ಲೆಡೆಯ ಕೆಂಪು ಮಣ್ಣು.
ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಾಗಿ ಬಾಗಿದೆ.
ಬೆರಳಲ್ಲಿ ಎತ್ತಿದರೆ ಮೂರು ಸೆಂಟಿಮೀಟರ್ ಬರಬೇಕು,
ಐದು ಬಂತು.
ಬೈದೆ. ಅವರು ನಕ್ಕರು:
"ಹಸು ಈಯ್ತಾ ಇರುವಾಗ
ನಾನು ಚೈನಿಗೆ ಎಣ್ಣೆ ಹಾಕ್ತಾ ಕೂರ್ಲಾ, ಅಬೂಟಿ?"

ನ್ಯಾಯ ಹೇಳಬೇಕು.
ಹೋದ ವರ್ಷ ಸುಬೇದಾರರ ಓರೆಗೇರು ಮುರಿದಾಗ
ಹಡಗಿನಲ್ಲಿ ಹೊಸದು ಬರಲು ಹನ್ನೊಂದು ವಾರ.
ಅಷ್ಟೂ ದಿನ ಬೆಳಿಗ್ಗೆ ಬಂದು
ಬೈಕಿನ ಪಕ್ಕ ಸ್ಟೂಲ್ ಹಾಕಿ ಪೇಪರ್ ಓದಿದರು,
ಆಸ್ಪತ್ರೆಯ ವಾರ್ಡಿನಲ್ಲಿ ಕೂತವರ ಹಾಗೆ.
ಡಾಕ್ಟರಮ್ಮನ ಚೈನು ತಿತಿಮತಿಯಲ್ಲಿ ಕಡಿದಾಗ
ಕರು ಎಳೆದ ಕೈಯಲ್ಲೇ ಕೊಂಡಿ ಜೋಡಿಸಿ
ಕತ್ತಲಾಗುವ ಮೊದಲೇ ಮನೆ ಸೇರಿದ್ದರು.

ಯಾವುದು ಒಳ್ಳೇದು? ಇಬ್ಬರೂ ಕೇಳಿದರು,
ಬೇರೆ ಬೇರೆ ದಿನ, ದನಿ ತಗ್ಗಿಸಿ.

ಜೋಡಿಸಿ ಮುಗಿದಾಗ ಏಳು ಗಂಟೆ.
ನಾನು ಶಾಫ್ಟಿನದರ ಮೇಲೆ, ಸುಮೇಶ ಚೈನಿನದರ ಮೇಲೆ,
ಮಾಲ್ದಾರೆ ಕಡೆಗೆ ಟ್ರಯಲ್.
ಅವನ ಆರನೇ ಗೇರು ನನ್ನ ಐದನೆಯದನ್ನು
ಮೆಲ್ಲಗೆ ಹಿಂದೆ ಹಾಕುತ್ತಿತ್ತು,
ಮೂರನೇ ತಿರುವಿನಲ್ಲಿ ಅವನ ಬ್ರೇಕಿನ ಕೆಂಪು ದೀಪ ಹೊತ್ತಿತು.

ಟಾರಿನ ಮೇಲೆ ನಾಲ್ಕು ಆನೆ.
ಒಂದರ ಹೊಟ್ಟೆಯಡಿ ಮರಿ.

ಲೈಟು ಆರಿಸಿದೆವು. ಎಂಜಿನ್ ಆರಿಸಿದೆವು.
ಪರೇಡೂ ಇಲ್ಲ, ಕುಂಟುವುದೂ ಇಲ್ಲ.
ಆಮೇಲೆ ಶುರುವಾಯಿತು ನನ್ನ ತೊಡೆಯ ಕೆಳಗೆ
ಕಾದ ಲೋಹ ತಣಿಯುವ ಟಿಕ್.
ಅತ್ತ ಸುಮೇಶನ ಕಡೆಯಿಂದ ಟಿಕ್.
ಯಾವ ಟಿಕ್ ಯಾವುದರದ್ದೆಂದು
ಮೂವತ್ತು ವರ್ಷದ ನನ್ನ ಕಿವಿಗೂ ಗೊತ್ತಾಗಲಿಲ್ಲ.
ದೊಡ್ಡಾನೆ ಕಿವಿ ಅಗಲಿಸಿ ನಿಂತಿತ್ತು.
ಅದೂ ಎಣಿಸುತ್ತಿತ್ತೋ ಏನೋ.

ಅವು ಕಾಫಿ ತೋಟಕ್ಕೆ ಇಳಿದು,
ಸಿಲ್ವರ್ ಓಕಿನ ಕೊಂಬೆ ಮುರಿದ ಸದ್ದು ದೂರವಾದ ಮೇಲೂ
ನಾವು ಹಾಗೇ ಕೂತಿದ್ದೆವು.
"ಮೊದಲು ಯಾವುದು ಸ್ಟಾರ್ಟ್ ಮಾಡೋದು?"
ಪಿಸುಗುಟ್ಟಿದ ಹುಡುಗ.

ಕುಂಟೋದು, ಎಂದೆ.